ಓದುಗರ ಪ್ರಶ್ನೆಗೆ ಉತ್ತರ: ಅಮೆರಿಕದ ಕೋರ್ಟಿನ ಕೈ ಎಷ್ಟು ಉದ್ದ?

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಎಚ್‌-1ಬಿ ವೀಸಾದ ಮೇಲೆ ಅಮೆರಿಕದಲ್ಲಿದ್ದಾರೆ. ಇಂಥವರಿಗೆ ಅಲ್ಲಿ ಹುಟ್ಟುವ ಮಕ್ಕಳಿಗೆ ಪೌರತ್ವವಿಲ್ಲವೆಂದು 2025ರ ಜನವರಿಯಲ್ಲಿ ಅಧ್ಯಕ್ಷರು ಆದೇಶ ಹೊರಡಿಸಿದರು. ಮೂರೇ ದಿನಕ್ಕೆ ಜಿಲ್ಲಾ ನ್ಯಾಯಾಲಯವೊಂದು ತಡೆಯಾಜ್ಞೆ ಕೊಟ್ಟಿತು, ಮುಂದೆ ಇಂಥ ತಡೆಯಾಜ್ಞೆಗಳನ್ನೇ ಸುಪ್ರೀಂ ಕೋರ್ಟ್ ಮೊಟಕುಗೊಳಿಸಿತು. ಒಬ್ಬ ಜಿಲ್ಲಾ ನ್ಯಾಯಾಧೀಶರು ದೇಶದ ಅಧ್ಯಕ್ಷರನ್ನು ತಡೆಯುವುದು ಹೇಗೆ ಸಾಧ್ಯ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆ ನ್ಯಾಯಾಧೀಶರನ್ನು ನಮ್ಮ ಧಾರವಾಡದ ಜಿಲ್ಲಾ ನ್ಯಾಯಾಧೀಶರಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ನ್ಯಾಯಾಂಗಕ್ಕೆ ಇರುವುದು ಒಂದೇ ಏಣಿ. ತಾಲೂಕಿನ ಕೋರ್ಟಿನಿಂದ ದೆಹಲಿಯವರೆಗೆ ರಾಜ್ಯದ ಕಾನೂನು, ಕೇಂದ್ರದ ಕಾನೂನು ಎರಡನ್ನೂ ಅವೇ ನ್ಯಾಯಾಲಯಗಳು ನೋಡುತ್ತವೆ. ಅಮೆರಿಕದಲ್ಲಿ ಐವತ್ತು ರಾಜ್ಯಗಳಿಗೆ ತಮ್ಮ ತಮ್ಮ ಕೋರ್ಟುಗಳಿದ್ದು, ಅವುಗಳ ಪಕ್ಕದಲ್ಲಿ ಒಕ್ಕೂಟ ಸರ್ಕಾರದ ನ್ಯಾಯಾಲಯಗಳು ಪ್ರತ್ಯೇಕವಾಗಿ ನಡೆಯುತ್ತವೆ: 94 ಜಿಲ್ಲಾ ನ್ಯಾಯಾಲಯಗಳು, 13 ಮೇಲ್ಮನವಿ ನ್ಯಾಯಾಲಯಗಳು, ತುದಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್. ಒಕ್ಕೂಟದ ಈ ಜಿಲ್ಲಾ ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಿ, ಸೆನೆಟ್ ಒಪ್ಪಿ ನೇಮಿಸಿರುತ್ತದೆ. ಅವರಿಗೆ ನಿವೃತ್ತಿಯ ವಯಸ್ಸೆಂಬುದಿಲ್ಲ. ಅಧ್ಯಕ್ಷರ ಆದೇಶ ಸಂವಿಧಾನಕ್ಕೆ ವಿರುದ್ಧವೇ ಎಂಬುದನ್ನು ಮೊದಲು ನೋಡುವ ಅಧಿಕಾರ ಅವರದೇ.

ಜನವರಿ 20ರ ಆ ಆದೇಶಕ್ಕೆ 23ರಂದು ಸಿಯಾಟಲ್ ನಗರದ ನ್ಯಾಯಾಧೀಶರು ತಡೆ ಕೊಟ್ಟಾಗ ಅವರ ಮುಂದಿದ್ದುದು 1868ರ ಹದಿನಾಲ್ಕನೇ ತಿದ್ದುಪಡಿ. ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪೌರರು ಎಂದು ಅದು ಹೇಳುತ್ತದೆ. ಚೀನೀ ದಂಪತಿಗೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ್ದ ವಾಂಗ್ ಕಿಮ್ ಆರ್ಕ್ ಎಂಬಾತನ ಪ್ರಕರಣದಲ್ಲಿ 1898ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿತ್ತು.

ಆದರೆ 2025ರ ಜೂನ್ 27ರಂದು ಆರು–ಮೂರರ ಬಹುಮತದಲ್ಲಿ ಬಂದ ತೀರ್ಪು ಈ ಮೂಲ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಕೋರ್ಟಿನ ಮೆಟ್ಟಿಲೇರಿದವರಿಗೆ ಪೂರ್ಣ ಪರಿಹಾರ ಕೊಡಲು ಎಷ್ಟು ಬೇಕೋ ಅಷ್ಟೇ ತಡೆ ಕೊಡಬೇಕು, ದಾವೆ ಹೂಡದ ಕೋಟ್ಯಂತರ ಜನರಿಗೂ ಅದನ್ನು ಹರಡುವ ಅಧಿಕಾರವನ್ನು ಸಂಸತ್ತು ಜಿಲ್ಲಾ ನ್ಯಾಯಾಲಯಗಳಿಗೆ ಕೊಟ್ಟಂತೆ ಕಾಣುವುದಿಲ್ಲ ಎಂಬುದಷ್ಟೇ ಅದರ ಸಾರ. ಒಂದು ಬಾಗಿಲು ಹೀಗೆ ಮುಚ್ಚಿದ ಎರಡು ವಾರದೊಳಗೆ ವಕೀಲರು ಇನ್ನೊಂದನ್ನು ತೆರೆದರು. ಒಂದೇ ಸ್ಥಿತಿಯಲ್ಲಿರುವ ಎಲ್ಲರ ಪರವಾಗಿ ಕೆಲವರು ಸಾಮೂಹಿಕ ದಾವೆ ಹೂಡಲು ಅಲ್ಲಿ ಅವಕಾಶವಿದೆ. ಅದರಂತೆ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರು ಜುಲೈ 10ರಂದು ಬಾಧಿತ ಮಕ್ಕಳನ್ನೆಲ್ಲ ಒಂದು ವರ್ಗವೆಂದು ಮಾನ್ಯಮಾಡಿ ಮತ್ತೆ ತಡೆ ಕೊಟ್ಟರು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ಎತ್ತಿಕೊಂಡಿತು.

ನಮ್ಮಲ್ಲಿ ಈ ವಿಷಯದಲ್ಲಿ ಕೋರ್ಟುಗಳಿಗೆ ಹೆಚ್ಚು ಸಲಿಗೆಯಿದೆ. ಸಂಸತ್ತಿನ ಕಾಯ್ದೆಯ ಸಿಂಧುತ್ವದ ಬಗ್ಗೆ ಒಂದು ಹೈಕೋರ್ಟ್ ಕೊಟ್ಟ ಆದೇಶ, ಮಧ್ಯಂತರವಾಗಿದ್ದರೂ, ಆ ಕಾಯ್ದೆ ಅನ್ವಯವಾಗುವ ದೇಶದ ಎಲ್ಲ ಭಾಗಗಳಿಗೂ ಸಲ್ಲುತ್ತದೆ ಎಂದು ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ನಿಮ್ಮ ಮಗಳ ಮನೆಯವರು ಪತ್ರಿಕೆಯ ಸುದ್ದಿಯನ್ನು ನಂಬಿ ಕುಳಿತುಕೊಳ್ಳದೆ ಅಲ್ಲಿನ ವಲಸೆ ಕಾನೂನಿನ ವಕೀಲರೊಬ್ಬರನ್ನು ಕಾಣುವುದು ಒಳ್ಳೆಯದು.

ಪ್ರಶ್ನೆ: ಮಹದಾಯಿ ನೀರಿಗಾಗಿ ನಾವು ವರ್ಷಗಟ್ಟಲೆ ಧರಣಿ ಕುಳಿತವರು. ಅಮೆರಿಕದಲ್ಲಿ ರಾಜ್ಯ ರಾಜ್ಯಗಳ ನಡುವೆ ನದಿ ಜಗಳ ಬಂದರೆ ನ್ಯಾಯಮಂಡಳಿಯ ಗೊಡವೆಯಿಲ್ಲದೆ ನೇರ ಸುಪ್ರೀಂ ಕೋರ್ಟಿಗೇ ಹೋಗಬಹುದಂತೆ. ಅದು ನಮಗಿಂತ ಒಳ್ಳೆಯ ವ್ಯವಸ್ಥೆಯಲ್ಲವೇ?
– ರೈತರು, ನವಲಗುಂದ ತಾಲೂಕು

ಉತ್ತರ: ನೇರವಾಗಿ ಹೋಗಬಹುದು ಎಂಬುದು ನಿಜ. ಬೇಗ ಮುಗಿಯುತ್ತದೆ ಎಂಬುದು ನಿಜವಲ್ಲ.

ನಮ್ಮ ಸಂವಿಧಾನದ 262ನೇ ವಿಧಿ ಮತ್ತು 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯ್ದೆ ಇಂಥ ವಿವಾದಗಳನ್ನು ನ್ಯಾಯಮಂಡಳಿಗೆ ಒಪ್ಪಿಸಿವೆ. ಐತೀರ್ಪಿನ ಮೇಲೆ ವಿಶೇಷ ಅನುಮತಿ ಪಡೆದು ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ಮಾತ್ರ ಉಳಿದಿದೆ. ಅಮೆರಿಕದ ಸಂವಿಧಾನವಾದರೋ ರಾಜ್ಯಗಳ ನಡುವಿನ ದಾವೆಯನ್ನು ಮೊದಲಿಗೇ ಸುಪ್ರೀಂ ಕೋರ್ಟಿನ ಮುಂದೆ ತರಲು ಬಿಟ್ಟಿದೆ. ಆ ಕೋರ್ಟ್ ಸಾಕ್ಷಿ ವಿಚಾರಣೆಗೆ ತಾನೇ ಕೂಡುವುದಿಲ್ಲ. ಸ್ಪೆಷಲ್ ಮಾಸ್ಟರ್ ಎಂಬ ಒಬ್ಬರನ್ನು ನೇಮಿಸುತ್ತದೆ. ಅವರು ಎಂಜಿನಿಯರುಗಳ, ರೈತರ, ಅಧಿಕಾರಿಗಳ ಸಾಕ್ಷ್ಯ ಕೇಳಿ ವರದಿ ಕೊಡುತ್ತಾರೆ. ಹೆಸರು ಬೇರೆಯಾದರೂ ಕೆಲಸದಲ್ಲಿ ಅದು ಒಬ್ಬರೇ ಇರುವ ನ್ಯಾಯಮಂಡಳಿಯೇ ಸರಿ.

ಕೊಲೊರಾಡೋ ನದಿಯ ಕಥೆ ನೋಡಿ. ಅರಿಜೋನಾ ರಾಜ್ಯ ಕ್ಯಾಲಿಫೋರ್ನಿಯಾದ ಮೇಲೆ ದಾವೆ ಹೂಡಿದ್ದು 1952ರಲ್ಲಿ, ತೀರ್ಪು ಬಂದದ್ದು 1963ರಲ್ಲಿ. ನಮ್ಮ ಮಹದಾಯಿ ನ್ಯಾಯಮಂಡಳಿ 2010ರಲ್ಲಿ ರಚನೆಯಾಗಿ 2018ರ ಆಗಸ್ಟಿನಲ್ಲಿ ಐತೀರ್ಪು ಕೊಟ್ಟಿತು; ಲೆಕ್ಕಕ್ಕೆ ನಮ್ಮದೇ ಬೇಗ. ಕೊಲೊರಾಡೋ ತೀರ್ಪಿನಲ್ಲಿಯೂ ನೀರನ್ನು ಹಂಚಿದವರು ನ್ಯಾಯಮೂರ್ತಿಗಳಲ್ಲ. 1928ರ ಬೌಲ್ಡರ್ ಕಣಿವೆ ಕಾಯ್ದೆಯ ಮೂಲಕ ಅಮೆರಿಕದ ಸಂಸತ್ತೇ ಹಂಚಿಕೆಯ ಚೌಕಟ್ಟು ಹಾಕಿಕೊಟ್ಟಿದೆ, ಅದನ್ನು ಜಾರಿಗೆ ತರುವುದಷ್ಟೇ ತಮ್ಮ ಕೆಲಸ ಎಂದು ಬಹುಮತದ ತೀರ್ಪು ಹೇಳಿತು. ಅದರ ಪ್ರಕಾರ ಕೆಳಪಾತ್ರದ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾಕ್ಕೆ ವರ್ಷಕ್ಕೆ 44 ಲಕ್ಷ ಎಕರೆ-ಅಡಿ, ಅರಿಜೋನಾಕ್ಕೆ 28 ಲಕ್ಷ, ನೆವಾಡಾಕ್ಕೆ 3 ಲಕ್ಷ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಕ್ರಮವಾಗಿ ಸುಮಾರು 192, 122 ಮತ್ತು 13 ಟಿಎಂಸಿ. ಕರ್ನಾಟಕಕ್ಕೆ ಮಹದಾಯಿಯಲ್ಲಿ ಸಿಕ್ಕಿದ್ದು 13.42 ಟಿಎಂಸಿ, ಅದರಲ್ಲಿ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಮಾತ್ರ. ಲಾಸ್ ವೇಗಸ್ ನಗರವಿರುವ ನೆವಾಡಾ ಆ ನದಿಯಿಂದ ಪಡೆಯುವ ಪಾಲು ಹೆಚ್ಚುಕಡಿಮೆ ನಮ್ಮ ಮಹದಾಯಿ ಪಾಲಿನಷ್ಟೇ ಎಂಬುದನ್ನು ನಾನು ಗುಣಿಸಿ ನೋಡಿದಾಗ ನನಗೂ ಸೋಜಿಗವಾಯಿತು.

ತೀರ್ಪು ಕೈಗೆ ಬಂದ ಕೂಡಲೇ ಅರಿಜೋನಾದ ಹೊಲಕ್ಕೆ ನೀರು ಬರಲಿಲ್ಲ. ನದಿಯಿಂದ ಒಳನಾಡಿಗೆ ಸುಮಾರು 540 ಕಿಲೋಮೀಟರ್ ಕಾಲುವೆ ಬೇಕಿತ್ತು. ಅದಕ್ಕೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 1968ರಲ್ಲಿ, ಮುಖ್ಯ ಕಾಮಗಾರಿ ಮುಗಿದದ್ದು 1993ರಲ್ಲಿ. ತೀರ್ಪಿನಿಂದ ಎಣಿಸಿದರೆ ಮೂವತ್ತು ವರ್ಷ. ಐತೀರ್ಪು ಬಂದ ಮೇಲೆಯೂ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳಲ್ಲಿ ಕಾಮಗಾರಿ ಹೇಗೆ ಸಿಲುಕುತ್ತದೆ ಎಂಬುದನ್ನು ನವಲಗುಂದದವರಿಗೆ ನಾನು ಹೇಳಬೇಕಾಗಿಲ್ಲ. ಹಕ್ಕನ್ನು ಕೋರ್ಟ್ ಹೇಳಬಹುದು, ಕಾಲುವೆಗೆ ಹಣ ಕೊಡುವುದು ಶಾಸಕಾಂಗ, ತೋಡುವುದು ಇಲಾಖೆ. ಅಲ್ಲಿಯೂ ಇದೇ.

ಇನ್ನು ಕೋರ್ಟಿಗೆ ಹೋದವರೆಲ್ಲ ಗೆಲ್ಲುವುದೂ ಇಲ್ಲ. ಮೇಲಿನ ಜಾರ್ಜಿಯಾ ರಾಜ್ಯದವರು ಹೆಚ್ಚು ನೀರು ಬಳಸಿದ್ದರಿಂದ ತನ್ನ ಅಪಲಾಚಿಕೋಲಾ ಕೊಲ್ಲಿಯ ಸಿಂಪಿ ಮೀನುಗಾರಿಕೆ ನಾಶವಾಯಿತೆಂದು ಫ್ಲೋರಿಡಾ 2013ರಲ್ಲಿ ದೂರಿತು. ಹಾನಿಗೆ ಜಾರ್ಜಿಯಾವೇ ಕಾರಣವೆಂದು ಸ್ಪಷ್ಟ ಸಾಕ್ಷ್ಯದಿಂದ ತೋರಿಸಿಲ್ಲವೆಂದು 2021ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ದಾವೆಯನ್ನು ತಳ್ಳಿಹಾಕಿದರು. ರಾಜ್ಯಗಳು ತಮ್ಮತಮ್ಮಲ್ಲಿ ರಾಜಿಯಾದರೂ ಸಾಲದು. ರಿಯೋ ಗ್ರಾಂಡೆ ನದಿಯ ವಿಷಯದಲ್ಲಿ ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೋ ಮಾಡಿಕೊಂಡ ರಾಜಿಯನ್ನು, ಒಕ್ಕೂಟ ಸರ್ಕಾರದ ಒಪ್ಪಿಗೆಯಿಲ್ಲವೆಂಬ ಕಾರಣಕ್ಕೆ, ಸುಪ್ರೀಂ ಕೋರ್ಟ್ 2024ರಲ್ಲಿ ಐದು–ನಾಲ್ಕರ ಬಹುಮತದಿಂದ ನಿರಾಕರಿಸಿತು.

ಪ್ರಶ್ನೆ: ಅಮೆರಿಕದಲ್ಲಿ ನ್ಯಾಯಾಧೀಶರೂ ಚುನಾವಣೆಗೆ ನಿಲ್ಲುತ್ತಾರಂತೆ, ಹೌದೇ?
– ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಒಕ್ಕೂಟದ ನ್ಯಾಯಾಲಯಗಳಲ್ಲಿ ಇಲ್ಲ, ಹಲವು ರಾಜ್ಯಗಳ ನ್ಯಾಯಾಲಯಗಳಲ್ಲಿ ಹೌದು. ಟೆಕ್ಸಾಸ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೂ ಪಕ್ಷದ ಹೆಸರಿನಲ್ಲೇ ಮತ ಕೇಳುತ್ತಾರೆ. ಚಂದಾ ಕೊಟ್ಟ ವಕೀಲರ ಮೊಕದ್ದಮೆಯನ್ನು ಅದೇ ನ್ಯಾಯಾಧೀಶರು ಕೇಳುವ ಪರಿಸ್ಥಿತಿ ನನಗಂತೂ ಹಿಡಿಸುವುದಿಲ್ಲ.

ಪ್ರಶ್ನೆ: ನಮ್ಮಲ್ಲಿರುವಂತೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿ ಸರ್ಕಾರದ ನೀತಿಯನ್ನು ಅಲ್ಲಿ ಪ್ರಶ್ನಿಸಬಹುದೇ?
– ಕಾನೂನು ವಿದ್ಯಾರ್ಥಿನಿ, ಗದಗ

ಉತ್ತರ: ಸುಲಭವಾಗಿ ಆಗದು. ನಮ್ಮಲ್ಲಿ ಊರಿನ ಕೆರೆ ಒತ್ತುವರಿಯಾದರೆ ಯಾರಾದರೊಬ್ಬ ಕಾಳಜಿಯುಳ್ಳವರು ಧಾರವಾಡದ ಹೈಕೋರ್ಟ್ ಪೀಠಕ್ಕೆ ಅರ್ಜಿ ಹಾಕಬಹುದು. ಅಮೆರಿಕದ ಒಕ್ಕೂಟ ನ್ಯಾಯಾಲಯದಲ್ಲಿ ಅರ್ಜಿದಾರರು ತಮಗೇ ಆದ ನಷ್ಟವನ್ನೂ, ಅದಕ್ಕೆ ಸರ್ಕಾರವೇ ಕಾರಣವೆಂಬುದನ್ನೂ, ಕೋರ್ಟಿನ ಆದೇಶದಿಂದ ಅದು ಸರಿಹೋಗುತ್ತದೆಂಬುದನ್ನೂ ತೋರಿಸಬೇಕು. ಸಲಹೆ ಕೇಳಿದರೂ ಆ ಕೋರ್ಟ್ ಕೊಡುವುದಿಲ್ಲ: 1793ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಅವರ ಪರವಾಗಿ ಕಳಿಸಿದ ಪ್ರಶ್ನೆಗಳಿಗೆ ಉತ್ತರಿಸಲು ನ್ಯಾಯಮೂರ್ತಿಗಳು ನಿರಾಕರಿಸಿದರು, ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಸಲಹೆ ಕೇಳಲು ಬಿಡುವ ನಮ್ಮ ಸಂವಿಧಾನದ 143ನೇ ವಿಧಿಯಂಥ ಏರ್ಪಾಡು ಅಲ್ಲಿಲ್ಲ.

ಆದ್ದರಿಂದ ಅಲ್ಲಿ ದೊಡ್ಡ ನೀತಿಯ ಪ್ರಶ್ನೆಗಳು ಸಣ್ಣ ಜಗಳಗಳ ಮೂಲಕ ಒಳಗೆ ಬರುತ್ತವೆ. ಅಟ್ಲಾಂಟಿಕ್ ತೀರದ ಹೆರಿಂಗ್ ಮೀನುಗಾರರ ದೋಣಿಯಲ್ಲಿ ಸರ್ಕಾರದ ನಿಯಮದಂತೆ ಒಬ್ಬ ವೀಕ್ಷಕ ಇರಬೇಕಿತ್ತು, ಅವರ ಖರ್ಚು ದಿನಕ್ಕೆ 710 ಡಾಲರ್‌ವರೆಗೆ ದೋಣಿಯವರ ಮೇಲೆಯೇ ಬೀಳುತ್ತಿತ್ತು. ಅವರು ಹೂಡಿದ ದಾವೆಯಲ್ಲಿ 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನಲವತ್ತು ವರ್ಷದ ತನ್ನ ಶೆವ್ರಾನ್ ತೀರ್ಪನ್ನೇ ಕೈಬಿಟ್ಟಿತು. ಕಾಯ್ದೆಯ ಮಾತು ಅಸ್ಪಷ್ಟವಾಗಿದ್ದಲ್ಲಿ ಇಲಾಖೆ ಮಾಡುವ ಸಮಂಜಸವಾದ ಅರ್ಥವನ್ನು ಕೋರ್ಟುಗಳು ಒಪ್ಪಬೇಕೆಂದು 1984ರ ಆ ತೀರ್ಪು ಹೇಳಿತ್ತು. ಈಗ ಅರ್ಥ ಹೇಳುವ ಕೊನೆಯ ಮಾತು ನ್ಯಾಯಾಧೀಶರದು. ಮೀನುಗಾರರ ದಾವೆಯಿಂದ ಹುಟ್ಟಿದ ಈ ನಿಯಮ ಗಾಳಿಯ ಮಾಲಿನ್ಯ, ಔಷಧ, ಕಾರ್ಮಿಕರ ಸುರಕ್ಷತೆಯ ಕಾಯ್ದೆಗಳಿಗೂ ಅನ್ವಯಿಸುತ್ತದೆ.