ಓವರಿಯಲ್ಲಿರೋದು ಹಳೇ ಸ್ತನ ಕ್ಯಾನ್ಸರ್ರಾ, ಹೊಸದಾ?

ಅಮ್ಮನಿಗೆ 6 ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು, ಈಗ ಸ್ಕ್ಯಾನಿಂಗ್‌ನಲ್ಲಿ ಎರಡೂ ಓವರಿಯಲ್ಲಿ ಗಡ್ಡೆ ಕಂಡಿದೆ, ಒಬ್ಬ ಡಾಕ್ಟರ್ ಹರಡಿದೆ ಅಂತಾರೆ, ಇನ್ನೊಬ್ಬರು ಓವರಿ ಕ್ಯಾನ್ಸರ್ ಅಂತಾರೆ, ಯಾರನ್ನು ನಂಬೋದು ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ನಮ್ಮಕ್ಕನ ಜೊತೆ ಇದೇ ಪ್ರಶ್ನೆ ಹಿಡಿದು ಆಸ್ಪತ್ರೆ ಸುತ್ತಿದವಳು.

ಅವಳಿಗೂ ಮೊದಲು ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಆಮೇಲೆ ಹೊಟ್ಟೆ ಉಬ್ಬಿದ್ದು ಗೊತ್ತಾಗಿದ್ದು ಲಂಗದ ಲಾಡಿಯಿಂದ. "ಲಾಡಿ ಗಂಟಿಗೆ ಸಾಲ್ತಾನೇ ಇಲ್ಲ ಕಣೇ" ಅಂದಳು. ಗ್ಯಾಸ್ ಇರಬೇಕು ಅಂತ ಮೂರು ವಾರ ಓಂಕಾಳು ಕುದಿಸಿ ಕುಡಿಸಿದೆವು. ಸ್ಕ್ಯಾನ್ ಮಾಡಿಸಿದರೆ ಎರಡೂ ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು. ಸಿಎ-125 ಅನ್ನೋ ರಕ್ತಪರೀಕ್ಷೆ ಕೂಡ ಜಾಸ್ತಿ ಬಂತು. ಓವರಿ ಕ್ಯಾನ್ಸರ್ರೇ ಅಂತ ಮುಂದಿನ ವಾರಕ್ಕೆ ಕೀಮೋ ದಿನವೂ ಗೊತ್ತಾಯಿತು. ಆದರೆ ಆ ರಕ್ತಪರೀಕ್ಷೆ, ಸ್ತನದಿಂದ ಹರಡಿದ್ದರೂ ಜಾಸ್ತಿ ಬರಬಹುದು, ಓವರಿಯಲ್ಲೇ ಹುಟ್ಟಿದ್ದರೂ ಬರಬಹುದು. ಅದೊಂದನ್ನೇ ನೆಚ್ಚಿಕೊಳ್ಳೋಕಾಗಲ್ಲ. ಇದು ನಮಗೆ ಆಗ ಗೊತ್ತಿರಲಿಲ್ಲ.

ಇನ್ನೊಬ್ಬ ಹಿರಿಯ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ್ದು ಒಂದೇ: "ಹಳೇ ಆಪರೇಷನ್ನಿನ ಬ್ಲಾಕ್ ಎಲ್ಲಿದೆ?"

ಬ್ಲಾಕ್ ಅಂದರೆ, ಆಗ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರಲ್ಲ, ಅದು. ಹಳೇ ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟಿದ್ದು ಚಿಕ್ಕ ಪ್ಲಾಸ್ಟಿಕ್ ಚೌಕದ ಮೇಲಿನ ಬಿಳಿ ಮೇಣ, ಒಳಗೆ ಹುಣಸೆ ಬೀಜದಷ್ಟು ಕಂದು ಚೂರು. ಬಿಸಿಲಿಗೆ ಇಡಬೇಡಿ ಅಂದಿದ್ದರು. ಬಸ್ಸಿನಲ್ಲಿ ಬೆಂಗಳೂರಿನವರೆಗೂ ಅದನ್ನು ಊಟದ ಡಬ್ಬಿಯೊಳಗಿಟ್ಟು ತೊಡೆ ಮೇಲೇ ಹಿಡಿದು ಕೂತಿದ್ದೆ.

ಹೊಟ್ಟೆಯಿಂದ ಬಯಾಪ್ಸಿ ತೆಗೆದು, ಆ ಹಳೇ ಚೂರಿನ ಪಕ್ಕದಲ್ಲಿಟ್ಟು ನೋಡಿದರು. ಐಎಚ್‌ಸಿ ಅಂತ ಒಂದು ಪರೀಕ್ಷೆ ಇದೆ, ಜೀವಕೋಶ ಎಲ್ಲಿಂದ ಬಂದಿದ್ದು ಅಂತ ಬಣ್ಣ ಹಾಕಿ ಪತ್ತೆ ಹಚ್ಚೋದು. ಅದರಲ್ಲಿ ಗಾಟಾ3 ಅನ್ನೋ ಗುರುತು ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಸ್ತನದ ಕಡೆ ಬೆರಳು ತೋರಿಸುತ್ತದೆ. ಪ್ಯಾಕ್ಸ್8 ಅನ್ನೋದು ಬಂದರೆ ಓವರಿ ಕಡೆ. ಅಕ್ಕನದು ಗಾಟಾ3. ಅವಳ ಹಳೇ ರಿಪೋರ್ಟಿನಲ್ಲಿ 'ಲೋಬ್ಯುಲರ್' ಅಂತ ಬರೆದಿತ್ತು, ಅದು ಸ್ತನ ಕ್ಯಾನ್ಸರಿನ ಒಂದು ಬಗೆ. ಆ ಬಗೆಯದು ಓವರಿ, ಹೊಟ್ಟೆಯೊಳಗಿನ ಪೊರೆ, ಜಠರ ಇಂಥ ಕಡೆ ಹೋಗೋದು ಉಳಿದ ಬಗೆಗಿಂತ ಜಾಸ್ತಿಯಂತೆ. ಅಮ್ಮನ ರಿಪೋರ್ಟಿನಲ್ಲೂ ಆ ಪದ ಇದೆಯಾ ನೋಡಿ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಔಷಧಿಯೇ ಬೇರೆ. ಓವರಿಯಲ್ಲೇ ಹುಟ್ಟಿದ್ದಾದರೆ ಸಾಮಾನ್ಯವಾಗಿ ದೊಡ್ಡ ಆಪರೇಷನ್, ಜೊತೆಗೆ ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ. ಸ್ತನದ್ದೇ ಹರಡಿದ್ದಾದರೆ ಅದು ಓವರಿಯಲ್ಲಿದ್ದರೂ ಸ್ತನ ಕ್ಯಾನ್ಸರ್ರೇ, ಚಿಕಿತ್ಸೆಯೂ ಅದಕ್ಕೇ. ಅಕ್ಕನಿಗೆ ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ ಇತ್ತು, ಅಂದರೆ ಹಾರ್ಮೋನಿನಿಂದ ಬೆಳೆಯೋ ಬಗೆ. ಹಾಗಾಗಿ ಲೆಟ್ರೊಜೋಲ್ ಜೊತೆ ಪಾಲ್ಬೋಸಿಕ್ಲಿಬ್ ಮಾತ್ರೆ ಕೊಟ್ಟರು. ಪೂರ್ತಿ ವಾಸಿಯಾಗಲ್ಲ, ಹಿಡಿತದಲ್ಲಿ ಇಡಬಹುದು ಅಂತ ಡಾಕ್ಟರ್ ನೇರವಾಗಿ ಹೇಳಿದರು. ಅವಳು ಈಗ ಮೂರನೇ ವರ್ಷದಲ್ಲಿದ್ದಾಳೆ, ಮೊನ್ನೆ ಹಪ್ಪಳ ಹಾಕಿದಳು.

ನಿಮ್ಮಮ್ಮನದು ಹಾಗೇ ಅಂತ ನಾನು ಹೇಳೋಕಾಗಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಓವರಿಯಲ್ಲಿ ಸಾದಾ ಗಡ್ಡೆಯೂ ಬರುತ್ತದೆ, ಹೊಸ ಕ್ಯಾನ್ಸರ್ ಕೂಡ ಹುಟ್ಟಬಹುದು. ಬಿಆರ್‌ಸಿಎ ಜೀನ್‌ನಲ್ಲಿ ದೋಷ ಇದ್ದರೆ ಸ್ತನ, ಓವರಿ ಎರಡರ ಕ್ಯಾನ್ಸರ್ ಬರುವ ಸಾಧ್ಯತೆಯೂ ಜಾಸ್ತಿ. ಆ ಟೆಸ್ಟ್ ಬೇಕಾ ಅಂತಲೂ ಕೇಳಿ. ಆ ದೋಷ ಅಮ್ಮನಲ್ಲಿ ಇದ್ದರೆ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಈಗ ಮೊದಲು ಹಳೇ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಹೋಗಿ. ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ನಂಬರ್, ಅಮ್ಮನ ಸಹಿ ಇರುವ ಒಂದು ಅರ್ಜಿ ತಗೊಂಡು ಹೋಗಿ, ಬ್ಲಾಕ್ ಮತ್ತು ಸ್ಲೈಡ್ (ಅದೇ ಚೂರಿನ ತೆಳು ಪದರ ಅಂಟಿಸಿದ ಗಾಜು) ಎರಡನ್ನೂ ಕೇಳಿ. ನಮಗೆ ಮೊದಲ ದಿನ "ಹಳೇದು ಸಿಗಲ್ಲಮ್ಮ" ಅಂದಿದ್ದರು. ಎರಡನೇ ದಿನ ಹೋದಾಗ ಸಿಕ್ಕಿತು.