ಸ್ಪೀಡ್ ದಂಡ ಕಟ್ಟದೇ ಬಿಟ್ಟರೆ ಏನಾಗುತ್ತದೆ? ನನಗೆ ಆದದ್ದು ಕೇಳಿ

ನೀವು ಕೇಳಿದ್ದು ಇಷ್ಟು: ಹಾವೇರಿ ದಾಟಿ ಹುಬ್ಬಳ್ಳಿ ಕಡೆ ಬರುವಾಗ ಹೈವೇಯಲ್ಲಿ ನಿಂತಿದ್ದ ಇಂಟರ್‌ಸೆಪ್ಟರ್‌ಗೆ, ಅಂದರೆ ವೇಗ ಅಳೆಯುವ ಪೊಲೀಸ್ ಗಾಡಿಗೆ, ನಿಮ್ಮ ಕಾರು ಸಿಕ್ಕಿದೆ. 1000 ರೂಪಾಯಿ ಚಲನ್ ಬಂದಿದೆ. ಓಡಿಸುತ್ತಿದ್ದವನು ನಿಮ್ಮ ಗೆಳೆಯ. ಕಟ್ಟದೇ ಸುಮ್ನೆ ಬಿಟ್ಟರೆ ಏನಾಗುತ್ತದೆ?

ಸದ್ಯಕ್ಕೆ ಏನೂ ಆಗುವುದಿಲ್ಲ. ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ. ಅದಕ್ಕೇ ನಮ್ಮ ಕಡೆ ಬಹಳ ಮಂದಿ ಅದನ್ನು ಮರೆತೇ ಬಿಡುತ್ತಾರೆ. ಗಾಡಿಯ ಕಾಗದ ಹಿಡಿದು ಆರ್‌ಟಿಒ ಮೆಟ್ಟಿಲು ಹತ್ತಿದ ದಿನ ಅದು ಎದ್ದು ಬರುತ್ತದೆ. ನನಗೆ ಆದದ್ದು ಹಾಗೇ.

ನನ್ನದು ಕೆಎ 25 ಪಾಸಿಂಗ್ ಹಳೇ ಕಾರು. 2024ರಲ್ಲಿ ಮಾರಲು ಹೊರಟೆ. ಗದಗಿನವರೊಬ್ಬರು ಬಂದು ನೋಡಿ ಒಪ್ಪಿದರು, 20 ಸಾವಿರ ಮುಂಗಡವನ್ನೂ ಕೊಟ್ಟರು. ಹೆಸರು ಬದಲಿಸುವ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಹಾಕಿ ಏಜೆಂಟ್ ಕೈಗೆ ಕೊಟ್ಟು ನಾವಿಬ್ಬರೂ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆವು. ಕಪ್ಪು ಅರ್ಧ ಖಾಲಿ ಆಗಿರಲಿಲ್ಲ, ಏಜೆಂಟ್ ವಾಪಸ್ ಬಂದ. "ಸರ್, ನಿಮ್ಮ ಗಾಡಿ ಮ್ಯಾಲ ಮೂರು ಕೇಸ್ ಅದಾವ್ರಿ. ಅವು ಕ್ಲಿಯರ್ ಆಗೋತನಾ ಹೆಸರು ಬದಲಾಗಂಗಿಲ್ರಿ" ಅಂದ.

ನಾನು ನಂಬಲಿಲ್ಲ. ಒಂದು ಮೆಸೇಜೂ ಬಂದಿರಲಿಲ್ಲವಲ್ಲ! ಅಲ್ಲೇ ಮೊಬೈಲಿನಲ್ಲಿ ಸರ್ಕಾರದ ಪರಿವಾಹನ್‌ನ ಇ-ಚಲನ್ ಸೈಟ್ ತೆಗೆದು ಗಾಡಿ ನಂಬರ್ ಹಾಕಿದೆ. ಫೋಟೊ ತೆರೆದುಕೊಂಡಿತು. ನನ್ನದೇ ಕಾರಿನ ಹಿಂಭಾಗ. ಗಾಜಿನ ಮೇಲೆ ನಮ್ಮವ್ವ ಹಚ್ಚಿಸಿದ್ದ ಸಿದ್ಧಾರೂಢ ಅಜ್ಜನ ಸ್ಟಿಕರ್. ಅದರ ಒಂದು ಮೂಲೆ ಕಿತ್ತು ಹೋಗಿದ್ದೂ ಕಾಣುತ್ತಿತ್ತು. ಕೆಳಗೆ ಮಿತಿ 80, ವೇಗ 97 ಅಂತ ಬರೆದಿತ್ತು. ಗದಗಿನವರು ನನ್ನ ಹೆಗಲ ಮೇಲಿಂದ ಇಣುಕಿ ನೋಡಿ, "ಗಾಡಿ ಛಲೋ ಓಡ್ತೈತಿ ಬಿಡ್ರಿ" ಅಂದರು.

ಮೆಸೇಜ್ ಯಾಕೆ ಬರಲಿಲ್ಲ ಅಂದರೆ, ಆರ್‌ಸಿ ದಾಖಲೆಯಲ್ಲಿ ಇದ್ದದ್ದು ನಾನು ಎಂದೋ ಬಿಟ್ಟುಬಿಟ್ಟ ಸಿಮ್ಮಿನ ನಂಬರು. ನನ್ನ ಚಲನ್‌ಗಳೆಲ್ಲ ಯಾರ ಮೊಬೈಲಿಗೆ ಹೋಗುತ್ತಿದ್ದವೋ ದೇವರೇ ಬಲ್ಲ. ನೀವೂ ಒಮ್ಮೆ ನಿಮ್ಮ ನಂಬರ್ ಸರಿ ಇದೆಯಾ ನೋಡಿಕೊಳ್ಳಿ. ಆಧಾರ್ ಇದ್ದರೆ ಪರಿವಾಹನ್ ಸೈಟಿನಲ್ಲೇ ಬದಲಿಸಬಹುದು.

ಮೂರರಲ್ಲಿ ಒಂದನ್ನು ನಿಂತಲ್ಲೇ ಕಟ್ಟಿದೆ, ಐದು ನಿಮಿಷದ ಕೆಲಸ. ಮೂರನೆಯದರ ಕಥೆ ಕೊನೆಗೆ ಹೇಳುತ್ತೇನೆ. ಎರಡನೆಯದು ಕಾಡಿತು. ಬಹಳ ದಿನ ಬಾಕಿ ಉಳಿದಿದ್ದರಿಂದ ಅದು ವರ್ಚುವಲ್ ಕೋರ್ಟಿಗೆ, ಅಂದರೆ ಆನ್‌ಲೈನಿನಲ್ಲೇ ನಡೆಯುವ ಕೋರ್ಟಿಗೆ ಹೋಗಿತ್ತು. ಒಮ್ಮೆ ಅಲ್ಲಿಗೆ ಹೋದರೆ ಚಲನ್ ಸೈಟಿನಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. ವರ್ಚುವಲ್ ಕೋರ್ಟಿನ ಸೈಟಿಗೇ ಹೋಗಿ, ಕರ್ನಾಟಕ ಟ್ರಾಫಿಕ್ ವಿಭಾಗ ಆರಿಸಿ, ಗಾಡಿ ನಂಬರಿನಿಂದ ಕೇಸ್ ಹುಡುಕಬೇಕು. ಅಲ್ಲಿ ಎರಡೇ ದಾರಿ. ತಪ್ಪು ಒಪ್ಪಿ ದಂಡ ಕಟ್ಟುವುದು, ಇಲ್ಲವೇ ಒಪ್ಪುವುದಿಲ್ಲ ಅಂತ ಹೇಳಿ ಕೇಸನ್ನು ಮಾಮೂಲಿ ಕೋರ್ಟಿಗೆ ಕಳಿಸುವುದು. ನಾನು ಒಪ್ಪಿ ಕಟ್ಟಿದೆ. ರಸೀದಿ ಕೂಡಲೇ ಬಂತು. ಆದರೆ ಆರ್‌ಟಿಒ ಕಂಪ್ಯೂಟರಿನಲ್ಲಿ ಬಾಕಿ ಇಲ್ಲ ಅಂತ ತೋರಿಸಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಗದಗಿನಿಂದ ದಿನಕ್ಕೊಂದು ಫೋನ್. ಕೊನೆಗೆ ಅವರು ರೇಟಿನಲ್ಲಿ 5 ಸಾವಿರ ಕಡಿಮೆ ಮಾಡಿಸಿಕೊಂಡೇ ಗಾಡಿ ಒಯ್ದರು. ಅವರದೇನು ತಪ್ಪು? ಮೂರೂ ಸೇರಿ ದಂಡ ಆಗಿದ್ದು 4 ಸಾವಿರ, ನಾನು ಕಳೆದುಕೊಂಡಿದ್ದು 9 ಸಾವಿರ.

ಇಷ್ಟು ತಡವಾದರೂ ದಂಡದ ಮೇಲೆ ಬಡ್ಡಿಯೇನೂ ಹತ್ತಿರಲಿಲ್ಲ. ಹಾಗಂತ ಅದು ಅಷ್ಟಕ್ಕೇ ನಿಲ್ಲುತ್ತದೆ ಅಂತ ತಿಳಿಯಬೇಡಿ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್‌ನಲ್ಲಿ ಕಾರಿಗೆ 1000ದಿಂದ 2000 ರೂಪಾಯಿವರೆಗೆ ದಂಡ ಇದೆ. ಕರ್ನಾಟಕದಲ್ಲಿ ಪೊಲೀಸರು ಕಟ್ಟಿಸಿಕೊಳ್ಳುವುದು 1000. ಕೋರ್ಟು 2000 ಹಾಕಿದರೂ ಕೇಳುವಂತಿಲ್ಲ. ಮಾಮೂಲಿ ಕೋರ್ಟಿನಿಂದ ಸಮನ್ಸ್ ಬಂದರೂ ಹೋಗದಿದ್ದರೆ ವಾರಂಟ್ ಹೊರಡಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟ್‌ಗೆ ಇದೆ. ಸ್ಪೀಡ್ ಚಲನ್‌ಗೆ ಅಲ್ಲಿವರೆಗೆ ಹೋದವರು ನನ್ನ ಪರಿಚಯದಲ್ಲಂತೂ ಯಾರೂ ಇಲ್ಲ. ಆದರೆ ಸಾವಿರ ರೂಪಾಯಿಗೆ ವಕೀಲರನ್ನು ಹಿಡಿದು ಕೋರ್ಟಿನ ಕಟ್ಟೆ ಮೇಲೆ ಒಂದು ದಿನ ಕೂತರೂ ಆ ದಿನದ ಪಗಾರ ಹೋಯಿತು, ಅಲ್ವಾ?

ಜಾಸ್ತಿ ಯೋಚಿಸಬೇಕಾದದ್ದು ಲೈಸೆನ್ಸ್ ಬಗ್ಗೆ. ಇದೇ ತಪ್ಪು ಎರಡನೇ ಸಲ ಆದರೆ ಲೈಸೆನ್ಸ್ ವಶಪಡಿಸಿಕೊಳ್ಳಬೇಕು ಅಂತ ಅದೇ 183ನೇ ಸೆಕ್ಷನ್ ಹೇಳುತ್ತದೆ. 2015ರಲ್ಲೇ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿಯು ಅತಿವೇಗಕ್ಕೆ ಕನಿಷ್ಠ 3 ತಿಂಗಳು ಲೈಸೆನ್ಸ್ ಸಸ್ಪೆಂಡ್ ಮಾಡಿ ಅಂತ ರಾಜ್ಯಗಳಿಗೆ ಸೂಚಿಸಿತ್ತು. ನಿಮ್ಮ ಗೆಳೆಯ ಗಂಟೆಗೆ 130 ಕಿಲೋಮೀಟರ್ ದಾಟಿಸಿರಲಿಲ್ಲ ತಾನೇ? 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ ಅದಕ್ಕಿಂತ ಜೋರಾಗಿ ಓಡಿಸಿದವರ ಮೇಲೆ ಎಫ್‌ಐಆರ್ ಹಾಕಲು ಶುರು ಮಾಡಿದ್ದಾರೆ. ಅದು ಚಲನ್ ಕಟ್ಟಿ ಮುಗಿಸುವ ಮಾತಲ್ಲ.

"ತಡೀರಿ, ಅರ್ಧ ದಂಡದ ಆಫರ್ ಬರ್ತೈತಿ" ಅನ್ನುವವರು ನಿಮಗೂ ಸಿಕ್ಕಿರುತ್ತಾರೆ. ಸುಳ್ಳೇನಲ್ಲ. 2023ರ ಫೆಬ್ರವರಿ 3ರಿಂದ 11ರವರೆಗೆ ಬಾಕಿ ಚಲನ್‌ಗಳಿಗೆ ಶೇ 50 ರಿಯಾಯಿತಿ ಇತ್ತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಇತ್ತು. ಮುಂದಿನದು ಯಾವಾಗ ಅಂತ ಯಾರೂ ಬರೆದುಕೊಟ್ಟಿಲ್ಲ. 500 ರೂಪಾಯಿ ಉಳಿಸಲು ವರ್ಷಗಟ್ಟಲೆ ಕಾಯುವುದು ನನಗಂತೂ ಸರಿ ಕಾಣುವುದಿಲ್ಲ, ಅದೂ ಗಾಡಿ ಮಾರುವ ಯೋಚನೆ ಇದ್ದರೆ. ಹತ್ತು ಹದಿನೈದು ಚಲನ್ ಬಾಕಿ ಇರುವವರ ಲೆಕ್ಕ ಬೇರೆ. ಅವರು ರಾಜಿಯಲ್ಲಿ ಕೇಸ್ ಮುಗಿಸುವ ಲೋಕ ಅದಾಲತ್ ದಿನವನ್ನು ಕೇಳಿಕೊಂಡು ಹೋಗಲಿ.

ಹಾಗಂತ ಬಂದ ಚಲನ್‌ಗೆಲ್ಲ ಕಣ್ಣು ಮುಚ್ಚಿ ಕಟ್ಟಬೇಕಿಲ್ಲ. ಮೊದಲು ಫೋಟೊ ನೋಡಿ. ನಂಬರ್ ನಿಮ್ಮದೇನಾ? ನಮ್ಮ ಓಣಿಯಲ್ಲಿ ಒಬ್ಬರಿಗೆ ಬಂದ ಚಲನ್‌ನಲ್ಲಿ ಇದ್ದದ್ದು ಬೇರೆ ಕಾರು, 8 ಅನ್ನು 3 ಅಂತ ಓದಿಬಿಟ್ಟಿದ್ದರು. ಅಂಥದ್ದಾದರೆ ಸೈಟಿನಲ್ಲೇ ದೂರು ಕೊಡಲು ಜಾಗ ಇದೆ. 2021ರಲ್ಲಿ ಸೇರಿಸಿದ 167ಎ ನಿಯಮದ ಪ್ರಕಾರ ಕ್ಯಾಮೆರಾ ಅಥವಾ ಸ್ಪೀಡ್ ಗನ್ನಿನಿಂದ ಹಿಡಿದರೆ 15 ದಿನದೊಳಗೆ ನೋಟಿಸ್ ಕಳಿಸಬೇಕು, ಆ ರಸ್ತೆಯಲ್ಲಿ ಎಚ್ಚರಿಕೆ ಫಲಕವೂ ಇರಬೇಕು. ಆಕ್ಷೇಪ ಎತ್ತುವುದಾದರೆ ಈ ಎರಡನ್ನೂ ಹಿಡಿದುಕೊಳ್ಳಿ.

ಇನ್ನೊಂದು ಮಾತು. ಚಲನ್ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಫೈಲ್ (ಮೊಬೈಲಿನಲ್ಲಿ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಲೇಬೇಡಿ, ಬ್ಯಾಂಕ್ ಖಾತೆ ಗುಡಿಸಿಬಿಡುತ್ತಾರೆ. ಸರ್ಕಾರದ ಸೈಟಿನ ವಿಳಾಸ ಜಿಒವಿ ಡಾಟ್ ಇನ್ ಅಂತ ಮುಗಿಯುತ್ತದೆ. ಆನ್‌ಲೈನ್ ಭಯ ಇದ್ದರೆ ಹತ್ತಿರದ ಟ್ರಾಫಿಕ್ ಠಾಣೆಗೆ ಹೋಗಿ ಕಟ್ಟಿ, ರಸೀದಿ ಇಸಿದುಕೊಂಡು ಬನ್ನಿ.

ಇನ್ನು ನಿಮ್ಮ ಗೆಳೆಯನ ವಿಷಯ. ಚಲನ್ ಬರುವುದು ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಗೇ. ಓಡಿಸಿದ್ದು ನಾನಲ್ಲ ಅಂದರೆ, ಹಾಗಾದರೆ ಯಾರು, ಹೆಸರು ಲೈಸೆನ್ಸ್ ಕೊಡಿ ಅಂತ ಪೊಲೀಸರು ಕೇಳಬಹುದು. ಕೇಳಿದರೆ ಹೇಳುವುದು ಮಾಲೀಕನ ಕರ್ತವ್ಯ ಅಂತ 133ನೇ ಸೆಕ್ಷನ್‌ನಲ್ಲಿದೆ. ಗೆಳೆಯನ ಹೆಸರು ಕೊಡುವುದಕ್ಕಿಂತ ಅವನಿಂದ ದುಡ್ಡು ಇಸಿದುಕೊಂಡು ನೀವೇ ಕಟ್ಟುವುದು ಸುಲಭ. ಆದರೆ ದುಡ್ಡು ಮೊದಲು ಇಸಿದುಕೊಳ್ಳಿ. ನನ್ನ ಮೂರನೇ ಚಲನ್ ಮಹಾರಾಷ್ಟ್ರದ್ದು, 2000 ರೂಪಾಯಿ. ಪುಣೆಗೆ ಹೋಗುವಾಗ ಖಂಬಾಟ್ಕಿ ಘಾಟಿನ ಇಳಿಜಾರಿನಲ್ಲಿ ಓಡಿಸುತ್ತಿದ್ದವನು ನಮ್ಮ ಭಾವ. ನಾನು ಹಿಂದಿನ ಸೀಟಿನಲ್ಲಿ ಮಲಗಿದ್ದೆ. ಆ ದುಡ್ಡು ಇನ್ನೂ ಬಂದಿಲ್ಲ. ಹಬ್ಬಕ್ಕೆ ಮನೆಗೆ ಬಂದವನನ್ನು ಕೇಳಿದರೆ, "ಗಾಡಿ ನಿಂದಲ್ಲೇನೋ" ಅನ್ನುತ್ತಾನೆ.