ಹಳೆಯ ಅಲ್ಯೂಮಿನಿಯಂ ದೋಣಿಯ ಹಿಂಬದಿ ಬಾಗುತ್ತಿದೆ, ಕಬ್ಬಿಣದ ಪಟ್ಟಿ ಬಿಗಿದರೆ ಸಾಕೇ?

ನೀವು ಮಿಷಿಗನ್‌ನಲ್ಲಿ 14 ಅಡಿಯ ಹಳೆಯ ಮೀನುಗಾರಿಕೆ ದೋಣಿ ಕೊಂಡಿದ್ದೀರಿ. ಮೋಟಾರಿನ ವೇಗ ಹೆಚ್ಚಿಸಿದರೆ ಟ್ರಾನ್ಸಮ್, ಅಂದರೆ ಮೋಟಾರು ಕೂರುವ ಹಿಂಬದಿಯ ಗೋಡೆ, ಬಾಗುತ್ತದೆ. ಹೊರಗಿನಿಂದ ಪಟ್ಟಿ ಬಿಗಿದರೆ ಸಾಕೇ ಎಂದು ಕೇಳಿದ್ದೀರಿ.

ಸಾಲದು. ಎಷ್ಟು ದಪ್ಪದ ಪಟ್ಟಿ ಬಿಗಿದರೂ ಸಾಲದು. ಅಲ್ಲಿನ ಅಲ್ಯೂಮಿನಿಯಂ ತಗಡು ಒಂದೂವರೆ, ಎರಡು ಮಿಲಿಮೀಟರ್ ದಪ್ಪವಿದ್ದರೆ ಹೆಚ್ಚು. ಮೋಟಾರಿನ ಭಾರ ಹೊರುವುದು ಅದರ ಬೆನ್ನಿಗಿರುವ ಪ್ಲೈವುಡ್. ನೀರಿನಡಿಯ ಪಂಖ ದೋಣಿಯನ್ನು ಮುಂದಕ್ಕೆ ತಳ್ಳುವಾಗ ಗೋಡೆಯ ಮೇಲಂಚು ಹಿಂದಕ್ಕೆ ಜಗ್ಗುತ್ತದೆ. ಮರ ಕೊಳೆತಿದ್ದರೆ ಆ ಜಗ್ಗಾಟವೆಲ್ಲ ತಗಡಿನ ಮೇಲೆ ಬಿದ್ದು, ಒಂದು ದಿನ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಗೋಡೆ ಸರಿಪಡಿಸುವವರೆಗೆ ದೋಣಿಯನ್ನು ದಯವಿಟ್ಟು ನೀರಿಗಿಳಿಸಬೇಡಿ.

ಕೊಳೆತಿದೆಯೇ ಎಂದು ತಿಳಿಯಲು ಒಳಬದಿಯಿಂದ ಮರಕ್ಕೆ ಮಾತ್ರ ಸಣ್ಣ ತೂತು ಕೊರೆದು, ಹೊರಬರುವ ಹೊಟ್ಟನ್ನು ಬೆರಳಲ್ಲಿ ಹಿಡಿದು ನೋಡಿ. ಒಣಗಿ ತಿಳಿಬಣ್ಣದಲ್ಲಿದ್ದರೆ ಅದೃಷ್ಟ. ನನ್ನ ದೋಣಿಯಲ್ಲಿ ಬಂದದ್ದು ನೆನೆದ ಕಾಫಿ ಚರಟದಂತಹ ಕಪ್ಪು ಮುದ್ದೆ. ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿದುಹೋಯಿತು.

ನಾನಿರುವುದು ಮಿನೆಸೋಟದಲ್ಲಿ. ಇಲ್ಲಿನ ಚಳಿಯಲ್ಲಿ ಒದ್ದೆ ಪ್ಲೈವುಡ್‌ನೊಳಗಿನ ನೀರು ಹೆಪ್ಪುಗಟ್ಟಿ ಪದರಗಳನ್ನು ಸೀಳುತ್ತದೆ. ಆದರೆ ನನ್ನ ದೋಣಿಗೆ ಅದಕ್ಕಿಂತ ದೊಡ್ಡ ಕೇಡು ಹಿಂದಿನ ಮಾಲೀಕರ ರಿಪೇರಿಯಿಂದ ಆಗಿತ್ತು. ಅವರು ಕೊಳೆಯದ ಮರವೆಂದು ನಂಬಿ, ಹಸಿರು ಛಾಯೆಯ ರಾಸಾಯನಿಕ ಸಂಸ್ಕರಿತ ಪ್ಲೈವುಡ್ ಕೂರಿಸಿದ್ದರು. ಆ ಸಂಸ್ಕರಣೆಯಲ್ಲಿ ತಾಮ್ರವಿರುತ್ತದೆ. ತೇವದಲ್ಲಿ ತಾಮ್ರ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಹಲಗೆ ಕಿತ್ತಾಗ ತಗಡಿನ ಮೇಲೆ ವಿಭೂತಿಯಂತಹ ಬಿಳಿ ಪುಡಿ. ಒರೆಸಿದರೆ ಅದರಡಿ ಸಾಸಿವೆ ಕಾಳಿನಷ್ಟು ಗುಳಿಗಳು. ಬೆಳಕಿಗೆ ಹಿಡಿದರೆ ಮೂರು ಕಡೆ ಆಕಾಶ ಕಂಡಿತು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ದೋಣಿಯನ್ನು ತಿಂದದ್ದು ಕಂಡು ನಿಜಕ್ಕೂ ಸಂಕಟವಾಯಿತು. ಅಂಗಡಿಯವರು ಎಷ್ಟೇ ಹೇಳಲಿ, ಆ ಹಲಗೆಯನ್ನು ತರಬೇಡಿ.

ಮರೈನ್ ಪ್ಲೈವುಡ್ ತನ್ನಿ. ದುಬಾರಿ, ನಿಜ. ಆದರೆ ಅದರ ಒಳಪದರಗಳಲ್ಲಿ ನೀರು ನಿಲ್ಲುವ ಪೊಳ್ಳು ಜಾಗಗಳಿರುವುದಿಲ್ಲ. ಹಳೆಯ ಹಲಗೆ ಪುಡಿಯಾದರೂ ಎಸೆಯಬೇಡಿ. ಅದನ್ನೇ ರಟ್ಟಿನ ಮೇಲಿಟ್ಟು ಅಚ್ಚು ತೆಗೆಯಿರಿ. ದಪ್ಪವನ್ನೂ ಅಳೆಯಿರಿ. ಸಾಮಾನ್ಯವಾಗಿ ಒಂದೂವರೆ ಅಂಗುಲ ಬರುತ್ತದೆ. ಮುಕ್ಕಾಲು ಅಂಗುಲದ ಎರಡು ಹಲಗೆಗಳನ್ನು ಎಪಾಕ್ಸಿಯಲ್ಲಿ ಅಂಟಿಸಿದರೆ ಸರಿಹೋಗುತ್ತದೆ. ನಂತರ ಎಲ್ಲ ಮುಖಗಳಿಗೂ ಎರಡು ಮೂರು ಕೋಟು ಎಪಾಕ್ಸಿ ಬಳಿಯಿರಿ. ಅಂಚುಗಳು ಕುಡಿಯುತ್ತಲೇ ಇರುತ್ತವೆ, ಕುಡಿಯುವುದು ನಿಲ್ಲುವವರೆಗೂ ಕೊಡಿ.

ನೀರು ಒಳನುಗ್ಗುವುದು ಹೆಚ್ಚಾಗಿ ಬೋಲ್ಟಿನ ತೂತುಗಳಿಂದ. ಆದ್ದರಿಂದ ಮರದಲ್ಲಿ ತೂತನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಬೋಲ್ಟ್ ಹೋದರೂ ಮರಕ್ಕೆ ತಾಗಬಾರದು. ನೀರು ಹರಿದುಹೋಗುವ ಕೊಳವೆಯ ತೂತಿಗೂ ಇದೇ ಕ್ರಮ. ನನ್ನ ದೋಣಿಯಲ್ಲಿ ಕೊಳೆತ ಶುರುವಾದದ್ದೇ ಅಲ್ಲಿ. ಸ್ಟೇನ್‌ಲೆಸ್ ಬೋಲ್ಟುಗಳನ್ನು ಮರೈನ್ ಸೀಲಂಟ್ ಹಚ್ಚಿಯೇ ಬಿಗಿಯಿರಿ.

ಗುಳಿಬಿದ್ದ ತಗಡಿನ ವಿಷಯ: ನಾನು ಬೆಸುಗೆಗೆ ಹೋಗಲಿಲ್ಲ. ತೆಳುವಾದ ಹಳೆಯ ಅಲ್ಯೂಮಿನಿಯಂ ಕೈತಪ್ಪಿದರೆ ಕರಗಿ ತೂತಾಗುತ್ತದೆ. ಬಿಳಿ ಪುಡಿಯನ್ನೆಲ್ಲ ಕೆರೆದು, ಒಳಬದಿಗೆ ಅಲ್ಯೂಮಿನಿಯಂ ತೇಪೆಯಿಟ್ಟು, ನಡುವೆ ಸೀಲಂಟ್ ಹಚ್ಚಿ ರಿವೆಟ್ ಹೊಡೆದೆ. ಘನ ರಿವೆಟ್‌ಗೆ ಇಬ್ಬರು ಬೇಕು: ಒಬ್ಬರು ಹೊರಗೆ ಸುತ್ತಿಗೆ, ಇನ್ನೊಬ್ಬರು ಒಳಗೆ ಭಾರದ ಉಕ್ಕಿನ ತುಂಡು ಒತ್ತಿ ಹಿಡಿಯಬೇಕು. ನನ್ನ ಮಗಳು ಹಿಡಿದಳು, ಒಂದೂ ಸೋರಲಿಲ್ಲ. ಬಿರುಕು ಮೂಲೆಯವರೆಗೆ ಹೋಗಿದ್ದರೆ ಮಾತ್ರ ಅಲ್ಯೂಮಿನಿಯಂ ಬೆಸುಗೆ ಬಲ್ಲವರಿಗೆ ತೋರಿಸಿ.

ಮೋಟಾರು ಮತ್ತೆ ಏರಿಸುವ ಮುನ್ನ ದೋಣಿಯ ಒಳಗೆ ಬಡಿದಿರುವ ಸಾಮರ್ಥ್ಯದ ಫಲಕ ಓದಿ. ಅಮೆರಿಕದಲ್ಲಿ 1972ರ ನವೆಂಬರ್ ನಂತರ ತಯಾರಾದ ಇಂತಹ ಸಣ್ಣ ದೋಣಿಗಳಲ್ಲಿ ಅದು ಇರಬೇಕು. ಗೋಡೆ ಹೊಸದಾಯಿತೆಂದು ಅಲ್ಲಿ ಬರೆದ ಅಶ್ವಶಕ್ತಿ ಹೆಚ್ಚುವುದಿಲ್ಲ. ಮೊದಲ ನಾಲ್ಕೈದು ಸವಾರಿಗಳ ನಂತರ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಚಳಿಗಾಲಕ್ಕೆ ನಿಲ್ಲಿಸುವಾಗ ನೀರು ಹರಿದುಹೋಗಲು ಹಿಂಬದಿಯ ಕೊಳವೆಯ ಬಿರಡೆ ತೆಗೆದು, ಮೂತಿಯನ್ನು ಒಂದು ಗೇಣು ಎತ್ತರಿಸಿಡಿ.